ಅರ್ಧಕ್ಕೆ ನಿಂತ ಮ್ಯಾಚುಗಳು

ಟೆನಿಸ್ ಅಂದ್ರೆ ನಿಶ್ಶಬ್ದ ಅಂತ ನಾವೆಲ್ಲ ಟೀವಿ ನೋಡಿ ಕಲಿತಿದ್ದೀವಿ. ಸರ್ವ್ ಮಾಡೋ ಹೊತ್ತಿಗೆ ಗ್ಯಾಲರಿಯಲ್ಲಿ ಯಾರಾದ್ರೂ ಗುಸುಗುಸು ಅಂದ್ರೆ ಸಾಕು, ಎತ್ತರದ ಕುರ್ಚಿಯಲ್ಲಿ ಕೂತ ಅಂಪೈರು ಮೈಕಿನಲ್ಲಿ ಸುಮ್ಮನಿರಿಸುತ್ತಾರೆ. ಅಮೆರಿಕದ ಕಾಲೇಜು ಟೆನಿಸ್‌ಗೂ ಈ ಶಿಸ್ತಿಗೂ ಸಂಬಂಧವೇ ಇಲ್ಲ. ಅಲ್ಲಿ ಆರು ಕೋರ್ಟುಗಳಲ್ಲಿ ಆರು ಮ್ಯಾಚು ಒಟ್ಟಿಗೇ ನಡೀತಿರ್ತವೆ. ಒಂದನೇ ಕೋರ್ಟಿನಲ್ಲಿ ಪಾಯಿಂಟ್ ಗೆದ್ದವನು ಮುಷ್ಟಿ ಹಿಡಿದು ಕೂಗಿದರೆ, ನಾಲ್ಕನೇ ಕೋರ್ಟಿನವನು ಅಲ್ಲಿಂದಲೇ ತಿರುಗಿ ಕೂಗ್ತಾನೆ. ಅವನ ಕೂಗಿಗೆ ಬೆಂಚಿನಲ್ಲಿ ಕೂತವರು ಎದ್ದು ನಿಂತು ಗಂಟಲು ಹರ್ಕೋತಾರೆ. ಎದುರಾಳಿ ತಂಡದವರು ಸುಮ್ಮನಿರ್ತಾರಾ? ಅವರೂ ಶುರು ಮಾಡ್ತಾರೆ. ಕಣ್ಣು ಮುಚ್ಚಿಕೊಂಡು ಕೂತರೆ ನಮ್ಮ ಕಡೆ ಜಾತ್ರೆ ಮುಗಿದ ಮಾರನೇ ದಿನ ಟ್ಯೂಬ್‌ಲೈಟ್ ಕಟ್ಟಿ ಆಡಿಸ್ತಾರಲ್ಲ, ಆ ಕಬಡ್ಡಿ ಟೂರ್ನಮೆಂಟಿನ ಸದ್ದೇ.

ನಮ್ಮೂರಲ್ಲಿ ಟೆನಿಸ್ ಅಂದ್ರೆ ಟೆನಿಸ್ ಬಾಲ್ ಕ್ರಿಕೆಟ್. ಪಕ್ಕದ ಕೊಡಗಿನವರು ಅನ್ನೋ ಕಾರಣಕ್ಕೆ ರೋಹನ್ ಬೋಪಣ್ಣನ ಹೆಸರು ಗೊತ್ತಿತ್ತು, ಅಷ್ಟೆ. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬೆಳೆದು, ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಕೋಡ್ ಬರೆದುಕೊಂಡಿದ್ದ ನನಗೂ ಟೆನಿಸ್‌ಗೂ ಅದಕ್ಕಿಂತ ಹೆಚ್ಚು ನಂಟಿರಲಿಲ್ಲ. 2018ರ ಜನವರಿಯಲ್ಲಿ ಕಂಪನಿಯವರು ಆನ್‌ಸೈಟ್ ಅಂತ ಓಹಾಯೋ ರಾಜ್ಯದ ಕೊಲಂಬಸ್‌ಗೆ ಕಳಿಸಿದರು. ಹೋದಾಗ ಗಡಗಡ ಚಳಿ. ಕಾರಿಲ್ಲ, ಪರಿಚಯದವರಿಲ್ಲ. ಶನಿವಾರ ಬಂತೆಂದರೆ ರೂಮಿನಲ್ಲಿ ಕೂತು ಸೀಲಿಂಗ್ ನೋಡೋದು. ಅದೇ ಊರಲ್ಲಿ ಓಹಾಯೋ ಸ್ಟೇಟ್ ಯೂನಿವರ್ಸಿಟಿ ಇದೆ. ಅವರ ಗಂಡಸರ ಟೆನಿಸ್ ತಂಡ ಚಳಿಗಾಲದಲ್ಲಿ ಒಳಾಂಗಣ ಕೋರ್ಟಿನಲ್ಲಿ ಆಡುತ್ತೆ, ನೋಡೋಕೆ ದುಡ್ಡು ಕೊಡಬೇಕಿಲ್ಲ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ದುಡ್ಡಿಲ್ಲ, ಒಳಗೆ ಬೆಚ್ಚಗಿರುತ್ತೆ. ನನಗೆ ಅಷ್ಟೇ ಸಾಕಿತ್ತು.

ಮೊದಲ ದಿನ ಏನೂ ಅರ್ಥ ಆಗಲಿಲ್ಲ. ಯಾವ ಕೋರ್ಟು ನೋಡಬೇಕು, ಯಾರು ಯಾರ ಕಡೆ, ಸ್ಕೋರ್ ಬೋರ್ಡಿನಲ್ಲಿ ಯಾಕೆ ಇಷ್ಟೊಂದು ಸಾಲು. ನನ್ನ ಪಕ್ಕದಲ್ಲಿ ತಲೆ ಪೂರ್ತಿ ಬೆಳ್ಳಗಾಗಿದ್ದ ಅಜ್ಜ ಒಬ್ಬರು ಚಿಕ್ಕ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ಏನೋ ಗುರುತು ಹಾಕ್ಕೋತಿದ್ದರು. ನಮ್ಮೂರ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯೋ ಸೆಕ್ರೆಟರಿ ಥರ. ಅವರೇ ಪೂರ್ತಿ ಲೆಕ್ಕ ಬಿಡಿಸಿ ಹೇಳಿದರು.

ಲೆಕ್ಕ ಹೀಗಿದೆ ನೋಡಿ. ಎರಡು ಕಾಲೇಜುಗಳ ತಂಡ ಎದುರುಬದುರಾಗೋದಕ್ಕೆ ಡ್ಯುಯಲ್ ಮ್ಯಾಚ್ ಅಂತಾರೆ. ಒಟ್ಟು ಏಳು ಪಾಯಿಂಟ್. ಯಾರು ಮೊದಲು ನಾಲ್ಕು ಮುಟ್ಟುತ್ತಾರೋ ಅವರು ಗೆದ್ದ ಹಾಗೆ. ಮೊದಲು ಮೂರು ಕೋರ್ಟಿನಲ್ಲಿ ಮೂರು ಡಬಲ್ಸ್, ಒಂದೊಂದೇ ಸೆಟ್. ಮೂರರಲ್ಲಿ ಎರಡು ಗೆದ್ದ ತಂಡಕ್ಕೆ ಒಂದೇ ಒಂದು ಪಾಯಿಂಟ್. ಆಮೇಲೆ ಆರು ಕೋರ್ಟಿನಲ್ಲಿ ಆರು ಸಿಂಗಲ್ಸ್, ಒಂದೊಂದಕ್ಕೂ ಒಂದೊಂದು ಪಾಯಿಂಟ್. ಆಟ ಬೇಗ ಮುಗಿಯಲಿ ಅಂತ ಕೆಲವು ನಿಯಮಗಳನ್ನೂ ಬಿಗಿ ಮಾಡಿದ್ದಾರೆ. 40-40 ಆಯ್ತು ಅಂದ್ರೆ ಅಡ್ವಾಂಟೇಜ್, ಡ್ಯೂಸ್ ಅಂತ ಎಳೆದಾಡೋದಿಲ್ಲ, ಮುಂದಿನ ಒಂದೇ ಪಾಯಿಂಟಿಗೆ ಗೇಮು ತೀರ್ಮಾನ. ಸರ್ವ್ ಮಾಡಿದ ಚೆಂಡು ನೆಟ್ಟಿಗೆ ತಾಗಿ ಒಳಗೆ ಬಿದ್ದರೆ ಟೀವಿ ಟೆನಿಸ್‌ನಲ್ಲಿ ಮತ್ತೆ ಸರ್ವ್ ಮಾಡಿಸ್ತಾರೆ, ಇಲ್ಲಿ ಹಾಗೇ ಆಡಬೇಕು. ಲೈನಿನ ಹತ್ತಿರ ಬಿದ್ದ ಚೆಂಡು ಒಳಗೋ ಹೊರಗೋ ಅಂತ ಮೊದಲು ಹೇಳೋನು ಆಟಗಾರನೇ. ತಪ್ಪು ಹೇಳಿದರೆ ತಿದ್ದೋದಕ್ಕೆ ಅಂಪೈರು ಇರ್ತಾರೆ, ಆದರೆ ಮೊದಲ ಮಾತು ಅವನದೇ. ಇಪ್ಪತ್ತು ವರ್ಷದ ಹುಡುಗ, ಗೆಲ್ಲಲೇಬೇಕಾದ ಪಾಯಿಂಟಿನಲ್ಲಿ, ಎದುರಾಳಿಯ ಚೆಂಡು ಗೆರೆ ಮುಟ್ಟಿದೆ ಅಂತ ತಾನೇ ಒಪ್ಪಿಕೊಂಡು ನಡೆದು ಹೋಗೋದನ್ನು ನಾನು ಅಲ್ಲಿ ಹಲವು ಸಲ ನೋಡಿದೆ. ಒಪ್ಪಿಕೊಳ್ಳದೆ ಜಗಳಕ್ಕೆ ನಿಂತವರನ್ನೂ ನೋಡಿದೆ ಅನ್ನಿ.

ಇದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಒಂದು ಸಣ್ಣ ವಿಷಯ. ತಂಡದ ಆರು ಜನರನ್ನು ಸಾಮರ್ಥ್ಯದ ಪ್ರಕಾರವೇ ಒಂದರಿಂದ ಆರರವರೆಗೆ ನಿಲ್ಲಿಸಬೇಕು. ಉಪಾಯ ಮಾಡಿ ಒಳ್ಳೆ ಆಟಗಾರನನ್ನು ಆರನೇ ಕೋರ್ಟಿಗೆ ಇಳಿಸೋ ಹಾಗಿಲ್ಲ. ಅಂದ್ರೆ ಆರನೇ ಕೋರ್ಟಿನಲ್ಲಿ ಆಡೋ ಹುಡುಗನಿಗೆ ತಾನು ಆ ತಂಡದ ಆರನೆಯವನು ಅಂತ ಗೊತ್ತು, ಕೋಚಿಗೆ ಗೊತ್ತು, ನೋಡೋಕೆ ಬಂದವರಿಗೂ ಗೊತ್ತು. ಆದರೆ ಅವನು ಗೆದ್ದರೆ ಬರೋದೂ ಒಂದು ಪಾಯಿಂಟ್, ಮೊದಲನೆಯವನು ಗೆದ್ದರೆ ಬರೋದೂ ಒಂದೇ ಪಾಯಿಂಟ್.

ಸಾಫ್ಟ್‌ವೇರಿನಲ್ಲಿ ಇರೋರಿಗೆ ಇದರ ಬೆಲೆ ಬೇಗ ಅರ್ಥ ಆಗುತ್ತೆ. ನಮ್ಮಲ್ಲೂ ವರ್ಷಕ್ಕೊಂದು ಸಲ ಒಂದರಿಂದ ಐದರವರೆಗೆ ನಂಬರ್ ಕೊಟ್ಟು ನಿಲ್ಲಿಸ್ತಾರೆ. ಆದರೆ ನಮ್ಮ ನಂಬರ್ ಹಾಕಿದ ಮೇಲೆ ನಾವು ತಂದ ಪಾಯಿಂಟೂ ಅದೇ ನಂಬರಿನ ತೂಕಕ್ಕೆ ಇಳಿದುಬಿಡುತ್ತೆ. ರಾತ್ರಿ ಮೂರಕ್ಕೆ ಎದ್ದು ಪ್ರೊಡಕ್ಷನ್ ಸಮಸ್ಯೆ ಬಿಡಿಸಿದವನ ಹೆಸರು ಡೆಮೋ ದಿನ ಯಾರ ಬಾಯಲ್ಲೂ ಬರೋದಿಲ್ಲ. ಅಲ್ಲಿ ಹಾಗಿಲ್ಲ. ಅಜ್ಜ ನನಗೆ ಹೇಳಿದ್ದು ಇದೇ: ಮೊದಲ ಕೋರ್ಟು ನೋಡೋಕೆ ಚೆಂದ, ಮ್ಯಾಚು ಗೆಲ್ಲೋದು ಮಾತ್ರ ಐದು, ಆರರಲ್ಲಿ. ಆಮೇಲಿಂದ ನಾನೂ ಅವರ ಜೊತೆ ಆರನೇ ಕೋರ್ಟಿನ ಕಡೆಯ ಬೆಂಚಿಗೇ ಹೋಗಿ ಕೂರೋಕೆ ಶುರು ಮಾಡಿದೆ.

ಫೆಬ್ರವರಿಯ ಒಂದು ಶನಿವಾರ ರಾತ್ರಿ ಅಕ್ಕ ಫೋನ್ ಮಾಡಿದಳು. ಅಲ್ಲಿ ಭಾನುವಾರ ಬೆಳಗ್ಗೆ. ಅಕ್ಕನ ಮಗ ಆಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಮೊದಲ ಪಿಯುಸಿ ಸೈನ್ಸ್ ಓದ್ತಿದ್ದ. ಓದ್ತಿದ್ದ ಅನ್ನೋದಕ್ಕಿಂತ ಕಬಡ್ಡಿ ಆಡ್ತಿದ್ದ. ಕಾಲೇಜು ತಂಡದಲ್ಲಿ ಎಡಗಡೆ ಕಾರ್ನರ್. ರೈಡರ್‌ನ ಕಾಲು ಹಿಡಿದರೆ ಬಿಡಿಸಿಕೊಂಡು ಹೋಗೋದು ಕಷ್ಟ ಅಂತ ಹೆಸರು ತಗೊಂಡಿದ್ದ. ಫಿಸಿಕ್ಸ್ ಟೆಸ್ಟಿನಲ್ಲಿ ಮಾತ್ರ ಪಾಸಾಗೋಕೇ ಒದ್ದಾಡಿದ್ದ.

"ನಿಮ್ ಭಾವ ಊಟ ಬಿಟ್ಟು ಕೂತವ್ರೆ ಕಣೋ. ಶುಂಠಿ ರೇಟು ಬಿದ್ದು ಹೋದ ವರ್ಷವೇ ಸಾಲ ಮಾಡಿ ಫೀಸು ಕಟ್ಟಿದ್ದು. ಇವ್ನು ನೋಡಿದ್ರೆ ಮಂಡಿ ತರಚ್ಕೊಂಡು ಬಂದು ನಿಂತವ್ನೆ. ನಿನ್ ಮಾತಾದ್ರೆ ಕೇಳ್ತಾನೆ. ಆಟ ಬಿಡು ಅಂತ ಒಂದ್ ಮಾತು ಹೇಳಿಬಿಡು."

ಹಳ್ಳಿಯಿಂದ ಬಂದು ಇಂಜಿನಿಯರ್ ಆದವರಿಗೆಲ್ಲ ಈ ಕೆಲಸ ಪರಿಚಯ ಇರುತ್ತೆ. ನಮ್ಮ ಮನೆತನಕ್ಕೆ ನಾವೇ ಉಚಿತ ಕೌನ್ಸೆಲರ್. ಯಾರ ಮಗ ಯಾವ ಬ್ರಾಂಚ್ ತಗೋಬೇಕು, ಯಾರ ಮಗಳನ್ನು ಎಲ್ಲಿಗೆ ಕೊಡಬಹುದು, ಎಲ್ಲದಕ್ಕೂ ನಮ್ಮ ಮಾತು ಬೇಕು. ನಾನು ಹೈಸ್ಕೂಲಿನಲ್ಲಿ ಅದೇ ಕಾರ್ನರಿನಲ್ಲಿ ನಿಂತು ಕಬಡ್ಡಿ ಆಡಿದವನು. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆ ಮಾರ್ಕ್ಸು ಬಂದ ದಿನ ಊರವರೆಲ್ಲ ಸೇರಿ ನನ್ನನ್ನು ‘ಓದೋ ಹುಡುಗ’ ಮಾಡಿಬಿಟ್ಟರು. ಅಲ್ಲಿಗೆ ಆಟ ಮುಗೀತು. ನಮ್ಮಲ್ಲಿ ಓದೋ ಹುಡುಗ ಬೇರೆ, ಆಡೋ ಹುಡುಗ ಬೇರೆ. ಇಬ್ಬರೂ ಒಂದೇ ಮನೆಯಲ್ಲಿರಬಹುದು, ಒಂದೇ ಮೈಯಲ್ಲಿರೋ ಹಾಗಿಲ್ಲ.

"ನೋಡೋಣ ಅಕ್ಕ, ಮಾತಾಡ್ತೀನಿ" ಅಂದೆ. ಆಟ ಬಿಡು ಅಂತ ಹೇಳ್ತೀನಿ ಅಂತ ಮಾತ್ರ ಅನ್ನಲಿಲ್ಲ.

ಅವತ್ತು ಮಧ್ಯಾಹ್ನವಷ್ಟೇ ನಾನು ಆ ಬೆಂಚಿನಲ್ಲಿ ಕೂತು ಬಂದಿದ್ದೆ. ಒಬ್ಬ ಹುಡುಗ ಮ್ಯಾಚು ಮುಗಿಸಿ, ಕಾಲಿಗೆ ಐಸ್ ಕಟ್ಟಿಕೊಂಡು, ಗೋಡೆಗೊರಗಿ ಲ್ಯಾಪ್‌ಟಾಪ್ ತೆಗೆದು ಅಸೈನ್‌ಮೆಂಟ್ ಬರೀತಿದ್ದ. ಸುತ್ತ ಗಲಾಟೆ ನಡೀತಾನೇ ಇತ್ತು. ಅಲ್ಲಿ ಕಾಲೇಜು ತಂಡದಲ್ಲಿ ಆಡಬೇಕಾದರೆ ಪೂರ್ಣಾವಧಿ ವಿದ್ಯಾರ್ಥಿ ಆಗಿರಬೇಕು, ಮಾರ್ಕ್ಸು ಒಂದು ಮಟ್ಟಕ್ಕಿಂತ ಇಳಿದರೆ ತಂಡದಿಂದ ಹೊರಗೆ. ಸೀಸನ್ ನಡೆಯೋವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸೋ ಹಾಗಿಲ್ಲ, ವಾರದಲ್ಲಿ ಒಂದು ದಿನ ರಜ ಕೊಡಲೇಬೇಕು ಅಂತ ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳೋ ಎನ್‌ಸಿಎಎ ಸಂಸ್ಥೆಯ ನಿಯಮ. ದುಡ್ಡಿನ ವಿಷಯ ಕೇಳಿದರಂತೂ ನಗು ಬರುತ್ತೆ. ಆಗ ಮೇಲಿನ ಡಿವಿಷನ್ನಿನ ಒಂದು ಗಂಡಸರ ಟೆನಿಸ್ ತಂಡಕ್ಕೆಲ್ಲ ಸೇರಿ ಕೊಡಬಹುದಾಗಿದ್ದ ಸ್ಕಾಲರ್‌ಶಿಪ್ 4.5. ನಾಲ್ಕೂವರೆ! ತಂಡದಲ್ಲಿ ಎಂಟೋ ಹತ್ತೋ ಹುಡುಗರಿರ್ತಾರೆ. ಆ ನಾಲ್ಕೂವರೆಯನ್ನು ಕೋಚು ಅರ್ಧ, ಕಾಲು ಅಂತ ಭಾಗ ಮಾಡಿ ಹಂಚಬೇಕು, ನಮ್ಮ ಕಡೆ ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡ ಹಾಗೆ.

ಅವರಲ್ಲಿ ಬಹುಪಾಲು ಹುಡುಗರು ಮುಂದೆ ಟೆನಿಸ್‌ನಲ್ಲಿ ಅನ್ನ ಸಂಪಾದಿಸೋದಿಲ್ಲ. ಆಗೋರು ಆಗ್ತಾರೆ, ಇಲ್ಲ ಅಂತಲ್ಲ. ನಮಗೆ ಬೆಂಗಳೂರಿನವರಾಗಿಯೇ ಪರಿಚಯ ಇರೋ ಮಹೇಶ್ ಭೂಪತಿ ಮಿಸಿಸಿಪಿ ಯೂನಿವರ್ಸಿಟಿಗೆ ಆಡಿ 1995ರಲ್ಲಿ ಎನ್‌ಸಿಎಎ ಡಬಲ್ಸ್ ಗೆದ್ದವರು. ಸೋಮದೇವ್ ದೇವವರ್ಮನ್ ವರ್ಜೀನಿಯಾ ಯೂನಿವರ್ಸಿಟಿಗೆ ಆಡಿ 2007 ಮತ್ತು 2008ರಲ್ಲಿ ಸಾಲಾಗಿ ಎರಡು ಸಲ ಸಿಂಗಲ್ಸ್ ಚಾಂಪಿಯನ್ ಆದರು. 2007ರ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಜಾನ್ ಇಸ್ನರ್‌ನನ್ನು, ಅದೂ ಇಸ್ನರ್‌ನ ಸ್ವಂತ ಕಾಲೇಜಿನ ಕೋರ್ಟಿನಲ್ಲಿ, ಜಾರ್ಜಿಯಾದ ಅಥೆನ್ಸ್ ಊರಿನಲ್ಲಿ. ಅದೇ ವಾರ ತಂಡಗಳ ಫೈನಲ್‌ನಲ್ಲಿ ಇಸ್ನರ್‌ನ ಜಾರ್ಜಿಯಾ ಇಲಿನಾಯ್ ತಂಡವನ್ನು ಸೋಲಿಸಿತ್ತು. ಸೋತ ಇಲಿನಾಯ್ ತಂಡದಲ್ಲಿ ದಕ್ಷಿಣ ಆಫ್ರಿಕಾದ ಕೆವಿನ್ ಆಂಡರ್ಸನ್ ಇದ್ದ. ಹನ್ನೊಂದು ವರ್ಷ ಆದ ಮೇಲೆ, ನಾನು ಕೊಲಂಬಸ್‌ನಲ್ಲಿದ್ದ ಅದೇ 2018ರ ಜುಲೈನಲ್ಲಿ, ಈ ಇಬ್ಬರೇ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಆರೂವರೆ ಗಂಟೆಗೂ ಹೆಚ್ಚು ಆಡಿದರು. ಐದನೇ ಸೆಟ್ 26-24. ಗೆದ್ದಿದ್ದು ಆಂಡರ್ಸನ್. ಆಫೀಸಿನಲ್ಲಿ ಎಲ್ಲರೂ ‘ಈ ಮ್ಯಾಚ್ ಮುಗಿಯಲ್ವಾ’ ಅಂತ ತಮಾಷೆ ಮಾಡ್ತಿದ್ದಾಗ ನನಗೆ ಮಾತ್ರ ಪರಿಚಯದ ಹುಡುಗರು ಆಡ್ತಿದ್ದ ಹಾಗಿತ್ತು.

ಆದರೆ ಇಂಥವರ ಕಥೆ ಹೇಳಿ ಅಕ್ಕನ ಮಗನನ್ನು ಹುರಿದುಂಬಿಸೋದು ನನಗೆ ಇಷ್ಟ ಇರಲಿಲ್ಲ. ಲಾಟರಿ ಹೊಡೆದವನನ್ನು ತೋರಿಸಿ ಟಿಕೆಟ್ ಮಾರಿದ ಹಾಗಾಗುತ್ತೆ. ನನಗೆ ಉಪಯೋಗಕ್ಕೆ ಬಂದಿದ್ದು ಆ 20 ಗಂಟೆಯ ನಿಯಮ. ಮಾರನೇ ವಾರ ಅವನ ಜೊತೆ ಒಂದು ಗಂಟೆ ಮಾತಾಡಿ ಒಪ್ಪಂದ ಮಾಡಿಕೊಂಡೆ. ದಿನಕ್ಕೆ ಎರಡು ಗಂಟೆ ಆಟ, ಅದಕ್ಕಿಂತ ಹೆಚ್ಚು ಕೇಳೋ ಹಾಗಿಲ್ಲ. ಭಾನುವಾರ ಆಟ ಇಲ್ಲ. ಯಾವ ವಿಷಯದಲ್ಲಾದರೂ ನೂರಕ್ಕೆ ಅರವತ್ತರ ಕೆಳಗೆ ಇಳಿದರೆ ಮುಂದಿನ ಟೆಸ್ಟಿನವರೆಗೆ ಮೈದಾನಕ್ಕೆ ಕಾಲಿಡೋದಿಲ್ಲ. ಎರಡನೇ ಪಿಯುಸಿ ಪರೀಕ್ಷೆಗೆ ಎರಡು ತಿಂಗಳ ಮುಂಚೆ ಪೂರ್ತಿ ಬಂದ್. ಅವನು ಎಲ್ಲಕ್ಕೂ "ಆಯ್ತು ಮಾವ" ಅಂದ. ಭಾವ ಫೋನಿಗೆ ಬಂದು, "ಅಲ್ಲಪ್ಪಾ, ಬಿಡಿಸು ಅಂದ್ರೆ ಟೈಮ್‌ಟೇಬಲ್ ಹಾಕ್ಕೊಟ್ಟಿದೀಯಲ್ಲ" ಅಂದರು. ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ನಿಂಗೇನು, ಅಲ್ಲಿ ಕೂತ್ಕೊಂಡು ಹೇಳ್ತೀಯ. ನಾಳೆ ಸೀಟು ಸಿಗದೇ ಇದ್ರೆ ನೀನ್ ಬಂದು ಕೊಡಿಸ್ತೀಯಾ?"

ಅಕ್ಕನ ಮಾತಿನಲ್ಲಿ ನ್ಯಾಯ ಇತ್ತು. ಓಹಾಯೋ ಸ್ಟೇಟ್ ಹುಡುಗನಿಗೆ ಪಾಠ ತಪ್ಪಿದರೆ ಹೇಳಿಕೊಡೋಕೆ ಕಾಲೇಜೇ ಜನರನ್ನು ಇಟ್ಟಿರುತ್ತೆ. ಮಂಡಿ ನೋವಾದರೆ ಫಿಸಿಯೋ ಇರ್ತಾರೆ. ಇವನಿಗೆ ತರಚಿದ ಮಂಡಿಗೆ ಅರಿಶಿನ, ತಪ್ಪಿದ ಕ್ಲಾಸಿಗೆ ಸ್ನೇಹಿತನ ನೋಟ್ಸು. ನಿಯಮ ಒಂದನ್ನು ಅಲ್ಲಿಂದ ಎತ್ತಿಕೊಂಡು ಬರಬಹುದು, ಆ ನಿಯಮದ ಹಿಂದೆ ನಿಂತಿರೋ ಏರ್ಪಾಡನ್ನು ಸೂಟ್‌ಕೇಸಿನಲ್ಲಿ ಹಾಕ್ಕೊಂಡು ಬರೋಕಾಗಲ್ಲ. ಅದು ಗೊತ್ತಿದ್ದೂ ನಾನು ಅದನ್ನೇ ಹೇಳಿದೆ. ಯಾಕಂದ್ರೆ ಆಟ ಪೂರ್ತಿ ಬಿಡಿಸಿದರೆ ಆ ಎರಡು ಗಂಟೆಯೂ ಫಿಸಿಕ್ಸಿಗೇ ಹೋಗುತ್ತೆ ಅನ್ನೋ ನಂಬಿಕೆ ನನಗಿರಲಿಲ್ಲ. ಮೊಬೈಲಿಗೆ ಹೋಗುತ್ತೆ.

ಅಷ್ಟರಲ್ಲಿ ಇಲ್ಲಿ ಸೀಸನ್ ಮುಂದೆ ಹೋಗ್ತಾ ಇತ್ತು. ಕಾಲೇಜು ಟೆನಿಸ್‌ನ ಡ್ಯುಯಲ್ ಮ್ಯಾಚುಗಳು ಜನವರಿಯಲ್ಲಿ ಶುರುವಾಗಿ ಮೇ ತಿಂಗಳವರೆಗೆ ನಡೀತವೆ. ಫೆಬ್ರವರಿಯಲ್ಲಿ ಒಳಾಂಗಣದ ರಾಷ್ಟ್ರೀಯ ಟೂರ್ನಿ, ಮಾರ್ಚ್ ಏಪ್ರಿಲ್‌ನಲ್ಲಿ ತಮ್ಮ ಕಾನ್ಫರೆನ್ಸಿನ ಕಾಲೇಜುಗಳ ಜೊತೆ ಸೆಣಸಾಟ, ಮೇ ತಿಂಗಳಲ್ಲಿ 64 ತಂಡಗಳ ಎನ್‌ಸಿಎಎ ಟೂರ್ನಿ. ಸೋತರೆ ಅಲ್ಲಿಗೆ ಮುಗೀತು. ಓಹಾಯೋ ಸ್ಟೇಟ್‌ನ ಆ ವರ್ಷದ ತಂಡ ಗಟ್ಟಿಯಾಗಿತ್ತು. ಡೆನ್ಮಾರ್ಕಿನ ಮಿಕೆಲ್ ಟಾರ್ಪೆಗಾರ್ಡ್, ಅದೇ ರಾಜ್ಯದ ಸಿನ್ಸಿನಾಟಿಯ ಜೆ.ಜೆ. ವುಲ್ಫ್, ಹೀಗೆ. ತಂಡ ಫೈನಲ್‌ವರೆಗೂ ಹೋಯ್ತು. ಫೈನಲ್ ಇದ್ದಿದ್ದು ನಾರ್ತ್ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ. ಎದುರಾಳಿ ವೇಕ್ ಫಾರೆಸ್ಟ್, ಅದು ಅವರದೇ ಅಂಗಳ. ನಾನು ಆಫೀಸಿನಲ್ಲಿ ಒಂದು ಸ್ಕ್ರೀನಿನಲ್ಲಿ ಕೋಡು, ಇನ್ನೊಂದರಲ್ಲಿ ಲೈವ್ ಸ್ಕೋರು ಇಟ್ಟುಕೊಂಡು ಕೂತಿದ್ದೆ. 4-2ರಿಂದ ವೇಕ್ ಫಾರೆಸ್ಟ್ ಗೆದ್ದಿತು.

ಅಕ್ಕನ ಮಗ ಬೇಸಿಗೆ ರಜೆಗೆ ಊರಿನಲ್ಲಿದ್ದ. ನಮ್ಮ ಒಪ್ಪಂದ ಆದಾಗಿನಿಂದ ನಾನು ಅವನಿಗೆ ಆಗಾಗ ಸ್ಕೋರ್ ಕಳಿಸ್ತಿದ್ದೆ. ಅವನೂ ಆರನೇ ಕೋರ್ಟು ಏನಾಯ್ತು ಅಂತ ಕೇಳೋ ಮಟ್ಟಿಗೆ ಬಂದಿದ್ದ. ಫೈನಲ್‌ನ ಸ್ಕೋರ್ ಕಳಿಸಿದರೆ ಸೋತಿದ್ದಕ್ಕೆ ಬೇಜಾರು ಮಾಡಿಕೊಳ್ಳೋದು ಬಿಟ್ಟು ಲೆಕ್ಕ ಕೇಳಿದ.

"ಮಾವ, ನಾಲ್ಕು ಎರಡು ಆರೇ ಆಯ್ತಲ್ಲ. ಏಳರಲ್ಲಿ ಇನ್ನೊಂದು ಎಲ್ಲೋಯ್ತು?"

ಒಂದು ತಂಡಕ್ಕೆ ನಾಲ್ಕು ಪಾಯಿಂಟ್ ಆದ ಕ್ಷಣಕ್ಕೆ ಆಟ ನಿಂತುಬಿಡುತ್ತೆ ಅಂತ ಹೇಳಿದೆ. ಮಾಮೂಲಿ ಸೀಸನ್ನಿನ ಮ್ಯಾಚಿನಲ್ಲಿ ಕೆಲವು ಸಲ ಎರಡೂ ಕಡೆಯ ಕೋಚುಗಳು ಒಪ್ಪಿ ಉಳಿದಿದ್ದನ್ನು ಆಡಿಸಿ ಮುಗಿಸ್ತಾರೆ. ಫೈನಲ್‌ನಲ್ಲಿ ಹಾಗಿಲ್ಲ. ಗೆದ್ದವರು ಓಡಿ ಹೋಗಿ ಒಬ್ಬರ ಮೇಲೊಬ್ಬರು ಬೀಳ್ತಾರೆ. ಆಗ ಇನ್ನೊಂದು ಕೋರ್ಟಿನಲ್ಲಿ ಇಬ್ಬರು ಆಡ್ತಾ ಇರ್ತಾರಲ್ಲ, ಅವರು ನಡುವೆಯೇ ರ‍್ಯಾಕೆಟ್ ಇಳಿಸಿ ಕೈ ಕುಲುಕಿ ಹೊರಡ್ತಾರೆ. ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಸ್ಕೋರು ಬರೆದು ‘ಮುಗಿದಿಲ್ಲ’ ಅಂತ ಹಾಕ್ತಾರೆ.

"ಹಂಗಾದ್ರೆ ಅವ್ನು ಗೆದ್ನಾ, ಸೋತ್ನಾ?"

"ಎರಡೂ ಇಲ್ಲ ಕಣೋ."

"ಮೂರು ಗಂಟೆ ಆಡಿದ್ರೂನಾ?"

"ಮೂರು ಗಂಟೆ ಆಡಿದ್ರೂ."

ಸ್ವಲ್ಪ ಹೊತ್ತು ಅವನ ಕಡೆಯಿಂದ ಏನೂ ಬರಲಿಲ್ಲ. ಆಮೇಲೆ ಒಂದು ಮೆಸೇಜು ಬಂತು: "ಅದು ಎಂಪ್ಟಿ ರೈಡ್ ಇದ್ದಂಗೆ ಮಾವ."

ಕಬಡ್ಡಿ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ರೈಡರ್ ಎದುರಾಳಿ ಅಂಗಳಕ್ಕೆ ಹೋಗಿ, ಬಾಕ್ ಲೈನ್ ದಾಟಿ, ಯಾರನ್ನೂ ಮುಟ್ಟದೆ, ಸಿಕ್ಕಿಹಾಕಿಕೊಳ್ಳದೆ ವಾಪಸ್ ಬಂದರೆ ಅದು ಎಂಪ್ಟಿ ರೈಡ್. ಅವನಿಗೂ ಪಾಯಿಂಟಿಲ್ಲ, ಅವರಿಗೂ ಇಲ್ಲ. ನೋಡೋರಿಗೆ ದಂಡ ಅನ್ಸುತ್ತೆ. ಆದರೆ ಎರಡು ಪಾಯಿಂಟ್ ಮುಂದಿದ್ದು ಕೊನೇ ಒಂದು ನಿಮಿಷ ಉಳಿದಾಗ, ಹಾಗೆ ಮೂವತ್ತು ಸೆಕೆಂಡ್ ಉಸಿರು ಹಿಡಿದು ಓಡಾಡಿ ಬಂದವನೇ ಮ್ಯಾಚು ಉಳಿಸಿಕೊಟ್ಟವನು. ಅವನ ಹೆಸರಿಗೆ ಏನೂ ಬರೆಯಲ್ಲ. ಆಟ ಬಲ್ಲವರು ಮಾತ್ರ ಬೆನ್ನು ತಟ್ಟುತ್ತಾರೆ. ಆರನೇ ಕೋರ್ಟಿನ ಹುಡುಗ ಮೊದಲ ಸೆಟ್ ಸೋತರೂ ಎರಡನೆಯದನ್ನು ಎಳೆದು ಮೂರಕ್ಕೆ ತಂದು ನಿಲ್ಲಿಸಿದ ಅಂದ್ರೆ, ಅಷ್ಟು ಹೊತ್ತು ಎದುರಾಳಿಗೆ ಸಿಗಬೇಕಾಗಿದ್ದ ಒಂದು ಪಾಯಿಂಟನ್ನು ತಡೆದು ಹಿಡಿದ. ಆ ಹೊತ್ತಿನಲ್ಲಿ ಪಕ್ಕದ ಕೋರ್ಟಿನ ಗೆಳೆಯ ತಿರುಗಿ ಬೀಳಬಹುದು. ನಾನು ನಾಲ್ಕು ತಿಂಗಳು ಬೆಂಚಿನಲ್ಲಿ ಕೂತು ಅರ್ಥ ಮಾಡಿಕೊಂಡಿದ್ದನ್ನು ಇವನು ಒಂದು ಮೆಸೇಜಿನಲ್ಲಿ ಹೇಳಿದ.

ಆ ತಂಡಗಳ ಫೈನಲ್ ಆದ ಮೇಲೆ ಅದೇ ಊರಿನಲ್ಲಿ ಸಿಂಗಲ್ಸ್ ಟೂರ್ನಿ ನಡೀತು. ಫೈನಲ್‌ಗೆ ಬಂದ ಇಬ್ಬರೂ ವೇಕ್ ಫಾರೆಸ್ಟ್‌ನವರೇ, ಸೈಪ್ರಸ್‌ನ ಪೆಟ್ರೋಸ್ ಕ್ರೈಸೊಕೋಸ್ ಮತ್ತು ಕ್ರೊಯೇಷಿಯಾದ ಬೋರ್ನಾ ಗೋಯೊ. ಹಿಂದಿನ ವಾರ ಒಬ್ಬರಿಗೊಬ್ಬರು ಕೂಗಿ ಹುರುಪು ತುಂಬಿದವರು ಈಗ ನೆಟ್ಟಿನ ಆಚೀಚೆ. ಕ್ರೈಸೊಕೋಸ್ ಗೆದ್ದ. ಸೋತ ಗೋಯೊ 2023ರ ಅಮೆರಿಕನ್ ಓಪನ್‌ನಲ್ಲಿ ನಾಲ್ಕನೇ ಸುತ್ತು ಮುಟ್ಟಿದ. ನಮ್ಮ ಓಹಾಯೋದ ಜೆ.ಜೆ. ವುಲ್ಫ್ ಕೂಡ ಅದೇ ವರ್ಷ ಆಸ್ಟ್ರೇಲಿಯನ್ ಓಪನ್‌ನಲ್ಲಿ ನಾಲ್ಕನೇ ಸುತ್ತಿಗೆ ಬಂದು ಬೆನ್ ಶೆಲ್ಟನ್‌ಗೆ ಐದು ಸೆಟ್‌ಗಳಲ್ಲಿ ಸೋತ. ಶೆಲ್ಟನ್ ಯಾರು ಅಂದ್ರೆ, 2021ರಲ್ಲಿ ಫ್ಲೋರಿಡಾ ಯೂನಿವರ್ಸಿಟಿ ಮೊದಲ ಬಾರಿಗೆ ಗಂಡಸರ ತಂಡ ಪ್ರಶಸ್ತಿ ಗೆದ್ದಾಗ ಕೊನೆಯ ಆ ನಾಲ್ಕನೇ ಪಾಯಿಂಟ್ ತಂದುಕೊಟ್ಟ ಮೊದಲ ವರ್ಷದ ಹುಡುಗ. ಇವರ ಹೆಸರೆಲ್ಲ ನಮಗೆ ಸಿಗುತ್ತೆ. ‘ಮುಗಿದಿಲ್ಲ’ ಅಂತ ಬರೆಸಿಕೊಂಡು ಹೋದವರಲ್ಲಿ ಎಷ್ಟೋ ಜನ ಈಗ ಯಾವುದೋ ಬ್ಯಾಂಕಿನಲ್ಲೋ ನಮ್ಮಂಥದೇ ಕಂಪನಿಯಲ್ಲೋ ಇರಬಹುದು.

ಆ ವರ್ಷದ ಸೆಪ್ಟೆಂಬರಿನಲ್ಲಿ ನಾನು ವಾಪಸ್ ಬಂದೆ. ನಾವು ಕಟ್ಟುತ್ತಿದ್ದ ಮಾಡ್ಯೂಲನ್ನು ಕ್ಲೈಂಟ್ ಅರ್ಧಕ್ಕೇ ಕೈಬಿಟ್ಟಿದ್ದ. ಎಂಟು ತಿಂಗಳ ಕೆಲಸ ಒಂದು ಮೇಲಿನಲ್ಲಿ ಮುಗೀತು. ಟೀಮಿನವರು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರೆ ನನಗೆ ಅಷ್ಟೊಂದು ಬೇಸರ ಆಗಲಿಲ್ಲ. ನೆಟ್ಟಿನ ಹತ್ತಿರ ಹೋಗಿ ಕೈ ಕುಲುಕಿ ಬ್ಯಾಗ್ ತಗೊಂಡು ಹೊರಟೆ, ಅಷ್ಟೆ.

ಅಕ್ಕನ ಮಗ ಮಾತು ಉಳಿಸಿಕೊಂಡ. ಪರೀಕ್ಷೆಗೆ ಎರಡು ತಿಂಗಳ ಮುಂಚೆ ಶೂ ತಂದು ಅಟ್ಟದ ಮೇಲೆ ಎಸೆದನಂತೆ. 2019ರಲ್ಲಿ ಎರಡನೇ ಪಿಯುಸಿಯಲ್ಲಿ 71 ಪರ್ಸೆಂಟ್ ಬಂತು. ಫಿಸಿಕ್ಸಿನಲ್ಲಿ ಅರವತ್ತೆರಡು. ಆದರೆ ಸಿಇಟಿ ರ‍್ಯಾಂಕು ಒಳ್ಳೆ ಕಾಲೇಜಿಗೆ ಸಾಲುವಷ್ಟು ಬರಲಿಲ್ಲ. ಭಾವ ಕೆರೆ ಕೆಳಗಿನ ಒಂದು ಎಕರೆ ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸೋಕೆ ತಯಾರಾದರು. ಹುಡುಗ ಒಪ್ಪಲಿಲ್ಲ. ಜಮೀನು ಮಾರೋದು ಬೇಡ, ನಾನು ಬಿಎಸ್ಸಿ ಮಾಡ್ತೀನಿ ಅಂತ ಹಟ ಹಿಡಿದ. ಭಾವನ ಲೆಕ್ಕದಲ್ಲಿ ಅದಕ್ಕೆಲ್ಲ ನಾನು ಹಾಕಿಕೊಟ್ಟ ಟೈಮ್‌ಟೇಬಲ್ಲೇ ಕಾರಣ. ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡೋಕೆ ಹೋದಾಗ ನನ್ನನ್ನು ಕೂರಿಸಿ ಕಾಫಿ ಕೊಡಿಸಿದರು, ಎದುರು ಮಾತ್ರ ಕೂರಲಿಲ್ಲ. ಹಿತ್ತಲಿಗೆ ಹೋಗಿ ಹಸುವಿಗೆ ಹುಲ್ಲು ಹಾಕ್ತಾ ನಿಂತುಬಿಟ್ಟರು.

ಡಿಗ್ರಿಯ ಎರಡನೇ ವರ್ಷ ಕೊರೋನಾಕ್ಕೆ ಹೋಯ್ತು. ಮುಟ್ಟಬೇಡಿ ಅನ್ನೋ ಕಾಲದಲ್ಲಿ ಮುಟ್ಟೋ ಆಟವನ್ನು ಯಾರು ಆಡಿಸ್ತಾರೆ? ಹುಡುಗ ಊರಿಗೆ ಬಂದು ಅಪ್ಪನ ಜೊತೆ ಶುಂಠಿ ಕಿತ್ತ, ಜೋಳ ಹಾಕಿದ. ಕೊನೇ ವರ್ಷ ಆಟ ಮತ್ತೆ ಶುರುವಾದಾಗ ಕಾಲೇಜು ತಂಡಕ್ಕೆ ಆಡಿದ. ಅಂತರ ಕಾಲೇಜು ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ ಸೋತರು. ಆಮೇಲೆ ಬಿಪಿಎಡ್ ಮಾಡಿಕೊಂಡ. ಈಗ ಒಂದು ಹೈಸ್ಕೂಲಿನಲ್ಲಿ ಅತಿಥಿ ದೈಹಿಕ ಶಿಕ್ಷಣ ಶಿಕ್ಷಕ. ಊರಿನವರ ಬಾಯಲ್ಲಿ ಪೀಟಿ ಮೇಷ್ಟ್ರು. ಬರೋ ಸಂಬಳ ಬೆಂಗಳೂರಿನಲ್ಲಿ ಹೊಸದಾಗಿ ಸೇರಿದ ಇಂಜಿನಿಯರ್ ಹುಡುಗನ ಮನೆ ಬಾಡಿಗೆಗೂ ಸಾಲಲ್ಲ, ಅದೂ ತಿಂಗಳಿಗೆ ಸರಿಯಾಗಿ ಬರಲ್ಲ. ಖಾಯಂ ಆಗುತ್ತೋ ಇಲ್ವೋ ಅವನಿಗೂ ಗೊತ್ತಿಲ್ಲ. ಅವನ ಜೊತೆ ಓದಿದವರು ಇಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಫ್ಲ್ಯಾಟ್ ನೋಡ್ತಿದ್ದಾರೆ. ಭಾವನ ಲೆಕ್ಕ ಪೂರ್ತಿ ತಪ್ಪು ಅಂತ ಹೇಳೋ ಧೈರ್ಯ ನನಗೆ ಇವತ್ತಿಗೂ ಇಲ್ಲ. ಮಗನ ಮುಖ ನೋಡಿದಾಗ ಅವರ ಲೆಕ್ಕವೇ ಪೂರ್ತಿ ಸರಿ ಅಂತಲೂ ಅನಿಸೋದಿಲ್ಲ. ಬೆಳಗ್ಗೆ ಆರಕ್ಕೆ ಎದ್ದು ಸೀಟಿ ಹಾಕ್ಕೊಂಡು ಮೈದಾನಕ್ಕೆ ಹೋಗ್ತಾನೆ. ನನಗೆ ಗೊತ್ತಿರೋ ಇಂಜಿನಿಯರುಗಳಲ್ಲಿ ಅಷ್ಟು ಖುಷಿಯಾಗಿ ಕೆಲಸಕ್ಕೆ ಹೊರಡೋರು ಕಮ್ಮಿ. ನನ್ನನ್ನೂ ಸೇರಿಸಿ.

ಹೋದ ವರ್ಷ ಅವನ ಸ್ಕೂಲಿನ ಹೆಣ್ಣುಮಕ್ಕಳ ಕಬಡ್ಡಿ ತಂಡ ತಾಲೂಕು ಮಟ್ಟದಲ್ಲಿ ಗೆದ್ದಿತು. ಅಕ್ಕ ಬಲವಂತ ಮಾಡಿ ಭಾವನನ್ನು ಮೈದಾನಕ್ಕೆ ಕರ್ಕೊಂಡು ಹೋಗಿದ್ದಳು. ರಾತ್ರಿ ಭಾವನೇ ಫೋನ್ ಮಾಡಿದರು. ಅವರಾಗೇ ನನಗೆ ಫೋನ್ ಮಾಡಿ ವರ್ಷಗಳಾಗಿದ್ದವು. ಮಳೆ ಕೇಳಿದರು, ಆಫೀಸು ಕೇಳಿದರು. ಆಮೇಲೆ ಸ್ವಲ್ಪ ತಡೆದು,

"ಅಲ್ಲಯ್ಯ, ಕೊನೇಗೆ ಒಂದು ಹುಡ್ಗಿ ಆಚೆ ಕಡೆ ಹೋಗಿ ಯಾರ್ನೂ ಮುಟ್ದಂಗೆ ಸುಮ್ನೆ ಓಡಾಡ್ಕೊಂಡು ಬಂದ್ಳು. ಪಾಯಿಂಟೂ ಬರ್ಲಿಲ್ಲ. ಬಂದ ಮೇಲೆ ಇವ್ನು ಅವಳ ಬೆನ್ನು ತಟ್ಟಿದ್ದೇ ತಟ್ಟಿದ್ದು. ಅದ್ಯಾಕೆ ಅಂತ?" ಅಂದರು.

ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ.

"ಮಗ ಮನೇಲೇ ಇದಾನಲ್ಲ ಭಾವ. ಅವ್ನನ್ನೇ ಕೇಳಿ."

ಕೇಳಿದರಂತೆ. ಊಟಕ್ಕೆ ಬಡಿಸಿಟ್ಟು ತಣ್ಣಗಾಗೋವರೆಗೂ ಇಬ್ಬರೂ ಜಗಲಿ ಮೇಲೆ ಕೂತು ಮಾತಾಡಿದರು ಅಂತ ಅಕ್ಕ ಹೇಳಿದಳು.